ಇಂದಿನ ಧಮ್ಮಚಿಂತನೆ: ಸೋಣನ ಚಪ್ಪಲಿ



ಹೋದ ವಾರದ ಪಾಠದಲ್ಲಿ ಸೋಣ ಥೇರರ ವೀಣೆಯ ಪ್ರಸಂಗ ಬಂದಾಗ ಬಳಗದ ಹಿರಿಯರೊಬ್ಬರು, "ಈ ಕತೆ ನಮಗೆಲ್ಲ ಬಾಯಿಪಾಠ, ಮುಂದಕ್ಕೆ ಹೋಗೋಣ" ಅಂದರು. ನಾನೂ ತಲೆಯಾಡಿಸಿದೆ. ಆದರೆ ಆ ಕತೆಗೆ ಇನ್ನೊಂದು ತುದಿ ಇದೆ, ಅದನ್ನು ನಾವು ಅಂದು ಮುಟ್ಟಲೇ ಇಲ್ಲ. ನನಗೂ ಅದು ಪುಸ್ತಕದಿಂದ ಅರ್ಥವಾದದ್ದಲ್ಲ. ಚನ್ನರಾಯಪಟ್ಟಣದ ಹತ್ತಿರ ಒಂದು ತೆಂಗಿನ ತೋಟದಲ್ಲಿ, ಚಾಪೆಯ ಮೇಲೆ ಅರ್ಥವಾಯಿತು. ಇಂದಿನ ಸರದಿ ನನ್ನದಾದ್ದರಿಂದ ಅದನ್ನೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಕ್ಷಮಿಸಿ.

ನಮ್ಮ ಅಮ್ಮ ಧರ್ಮಸ್ಥಳಕ್ಕೆ ಬರಿಗಾಲಲ್ಲಿ ನಡೆದು ಬರುತ್ತೇನೆಂದು ಹರಕೆ ಹೊತ್ತಿದ್ದರು. ಹೊತ್ತಿದ್ದು ನನ್ನ ತಮ್ಮನಿಗೆ ಕೆಲಸ ಸಿಗಲಿ ಎಂದು. ಕೆಲಸ ಸಿಕ್ಕಿತು, ಮದುವೆಯಾಯಿತು, ಮೊಮ್ಮಕ್ಕಳಾದವು. ಅಮ್ಮನ ಮಂಡಿ ಮಾತ್ರ ಒಪ್ಪಲಿಲ್ಲ. 2023ರಲ್ಲಿ ಅವರು ತೀರಿಕೊಂಡ ಮೇಲೆ ತಮ್ಮ, "ಅದನ್ನ ನಾನೇ ತೀರಿಸ್ತೀನಿ, ನೀನೂ ಬಾ ಅಕ್ಕ" ಅಂದ. ಬೌದ್ಧ ಅಧ್ಯಯನ ಬಳಗದವಳು ಹರಕೆಯ ನಡಿಗೆಗೆ ಹೋಗುವುದೇ ಎಂದು ನಿಮ್ಮಲ್ಲಿ ಕೆಲವರು ಆಗ ಕೇಳಿದಿರಿ. ನಾನು ಹೋದದ್ದು ತಮ್ಮನ ಜೊತೆಗೆ. ಅಷ್ಟೇ ಉತ್ತರ ನನ್ನಲ್ಲಿದೆ.

2024ರ ಶಿವರಾತ್ರಿ ಮಾರ್ಚ್ 8ಕ್ಕೆ ಬಿತ್ತು. ಫೆಬ್ರವರಿ 26ರ ಬೆಳಗಿನ ಜಾವ ಉಲ್ಲಾಳದ ನಮ್ಮ ಮನೆಯಿಂದ ಹೊರಟೆವು. ಮಾಗಡಿ ರಸ್ತೆ ಹಿಡಿದು ತಾವರೆಕೆರೆ, ಮಾಗಡಿ, ಕುಣಿಗಲ್; ಅಲ್ಲಿಂದ ಹೆದ್ದಾರಿಯಲ್ಲಿ ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಹಾಸನ; ಆಮೇಲೆ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವುದು. ಒಟ್ಟು ಸುಮಾರು 300 ಕಿಲೋಮೀಟರ್. ದೊಡ್ಡ ತಂಡಗಳ ಜೊತೆ ಸಾಮಾನು ಹೊರುವ ಟೆಂಪೋ ಇರುತ್ತದೆ. ನಾವಿಬ್ಬರೇ ಆದ್ದರಿಂದ ನಮ್ಮ ಗಂಟು ನಮ್ಮ ಬೆನ್ನಿಗೇ. ಅದಕ್ಕೆಂದು ಒಂದು ತಿಂಗಳು ಮುಂಚಿನಿಂದ ಬ್ಯಾಗಿನಲ್ಲಿ ಅಕ್ಕಿ ತುಂಬಿಕೊಂಡು ಉಲ್ಲಾಳ ಕೆರೆಯ ಸುತ್ತ ನಡೆದಿದ್ದೆ. ನೋಡಿದವರು ಪಡಿತರ ಅಂಗಡಿಯಿಂದ ಬರುತ್ತಿದ್ದಾಳೆ ಅಂದುಕೊಂಡಿರಬೇಕು. ವಾರ್ಷಿಕ ಪರೀಕ್ಷೆಗೆ ಮುಂಚೆ ಕನ್ನಡ ಟೀಚರು ಇಷ್ಟು ದಿನ ರಜೆ ಕೇಳಿದ್ದಕ್ಕೆ ಶಾಲೆಯಲ್ಲಿ ಹುಬ್ಬು ಗಂಟಿಕ್ಕಿದರು. ಅದು ನ್ಯಾಯವೇ.

ನಡಿಗೆಯ ದಿನಚರಿ ಸರಳ. ಮೂರು ಗಂಟೆಗೆ ಎದ್ದು ಹೊರಡುವುದು, ಹತ್ತು ಹತ್ತೂವರೆಗೆ ಎಲ್ಲಾದರೂ ನೆರಳು ಸೇರುವುದು, ಬಿಸಿಲು ಇಳಿದ ಮೇಲೆ ಮತ್ತೆ ರಾತ್ರಿ ಎಂಟರವರೆಗೆ. ಶಿವರಾತ್ರಿಯ ಹೊತ್ತಿಗೆ ಆ ದಾರಿಯಲ್ಲಿ ನಡೆದವರಿಗೆ ಗೊತ್ತು: ಹಸಿವಿನಿಂದ ಯಾರೂ ಬೀಳುವುದಿಲ್ಲ. ಊರೂರಿನವರು ಶಾಮಿಯಾನ ಕಟ್ಟಿ ಕಾಯುತ್ತಿರುತ್ತಾರೆ. ಮಜ್ಜಿಗೆ, ಪಾನಕ, ಕಲ್ಲಂಗಡಿ, ಬಿಸಿ ಉಪ್ಪಿಟ್ಟು, ಚಿತ್ರಾನ್ನ. ಕಾಲಿಗೆ ಎಣ್ಣೆ, ನೋವಿನ ಮುಲಾಮು. ನಮ್ಮ ಹಳೆಯ ಶಾಸನಗಳಲ್ಲಿ ಅರವಂಟಿಗೆ ನಡೆಸಲು ಭೂಮಿ ಬಿಟ್ಟವರ ಹೆಸರುಗಳಿವೆ. ಎಂ.ಎ. ಓದುವಾಗ ಆ ಪದದ ಕೆಳಗೆ ಗೆರೆ ಎಳೆದು ಅರ್ಥ ಬರೆದುಕೊಂಡಿದ್ದೆ, ನೀರಡಿಕೆಯಾಗಿ ಅದರೊಳಗೆ ಕೂತಿರಲಿಲ್ಲ.

ಆದರೆ ಕೊಡುವವರಿದ್ದಾರೆಂದು ಕೊಟ್ಟದ್ದನ್ನೆಲ್ಲ ತುಂಬಿಕೊಂಡರೆ ಏನಾಗುತ್ತದೆ ಎಂಬುದನ್ನೂ ಕಲಿತೆ. ಕುಣಿಗಲ್ ದಾಟುವ ಹೊತ್ತಿಗೆ ನನ್ನ ಬ್ಯಾಗಿನಲ್ಲಿ ಆರು ಕಿತ್ತಳೆ, ನಾಲ್ಕು ಬಿಸ್ಕತ್ತು ಪೊಟ್ಟಣ, ಮೂರು ನೀರಿನ ಬಾಟಲಿ ಹೆಚ್ಚಾಗಿದ್ದವು. ಬೇಡ ಅನ್ನಲು ಸಂಕೋಚ, ಮುಂದೆ ಸಿಗದಿದ್ದರೆ ಎಂಬ ಆಸೆ, ಎರಡೂ ಸೇರಿ ಭುಜ ಕತ್ತರಿಸುತ್ತಿತ್ತು. ವಿನಯಪಿಟಕದಲ್ಲಿ, ಮಹಾವಗ್ಗದ ಆರನೆಯ ಖಂಧಕದಲ್ಲಿ, ಭದ್ದಿಯ ನಗರದ ಮೆಂಡಕ ಗೃಹಪತಿಯ ಪ್ರಸಂಗ ಬರುತ್ತದೆ. ಬುದ್ಧರು 1250 ಭಿಕ್ಷುಗಳೊಡನೆ ಅಂಗುತ್ತರಾಪದ ಕಡೆ ಹೊರಟಾಗ ಮೆಂಡಕ ಗಾಡಿಗಳಲ್ಲಿ ಉಪ್ಪು, ಎಣ್ಣೆ, ಅಕ್ಕಿ ಹೇರಿಸಿಕೊಂಡು ಹಿಂದೆ ಬಂದ. ಒಬ್ಬೊಬ್ಬ ಭಿಕ್ಷುವಿಗೂ ಆಗಷ್ಟೇ ಕರೆದ ಬೆಚ್ಚಗಿನ ಹಾಲು ಕೊಡಬೇಕೆಂದು 1250 ಹಸುಗಳನ್ನೂ ಗೋವಳರನ್ನೂ ಕರೆತಂದ. ಮುಂದೆ ನೀರೂ ಅನ್ನವೂ ವಿರಳವಾದ ಕಾಡುದಾರಿಗಳಿವೆ, ದಾರಿಬುತ್ತಿಗೆ ಅಪ್ಪಣೆ ಕೊಡಿ ಎಂದು ಕೇಳಿಕೊಂಡ. ಪಾಳಿಯಲ್ಲಿ ಆ ಪದ 'ಪಾಥೇಯ್ಯ'. ನಮ್ಮ ಹಳೆಯ ಪುಸ್ತಕಗಳ 'ಪಾಥೇಯ'ವೇ ಅದು. ಬುದ್ಧರು ಒಪ್ಪಿದರು, ಆದರೆ ಒಪ್ಪಿದ ರೀತಿ ನೋಡಿ: ಅಕ್ಕಿ ಬೇಕಾದವನು ಅಕ್ಕಿ, ಹೆಸರುಕಾಳು ಬೇಕಾದವನು ಹೆಸರುಕಾಳು, ಉಪ್ಪು ಬೇಕಾದವನು ಉಪ್ಪು, ಹೀಗೇ ಉದ್ದು, ಬೆಲ್ಲ, ಎಣ್ಣೆ, ತುಪ್ಪ. ಯಾರಿಗೆ ಯಾವುದು ಬೇಕೋ ಅದು. ಮಾಮೂಲಿ ದಿನಗಳಲ್ಲಿ ಭಿಕ್ಷುಗಳು ಅನ್ನವನ್ನು ನಾಳೆಗೆಂದು ಕೂಡಿಡುವಂತಿರಲಿಲ್ಲ. ಆ ನಿಯಮಕ್ಕೆ ಕಾರಣರಾದವರು ಆನಂದರ ಉಪಾಧ್ಯಾಯರಾಗಿದ್ದ ಬೇಲಟ್ಠಸೀಸ ಥೇರರು. ಅವರು ಒಣಗಿಸಿದ ಅನ್ನ ಇಟ್ಟುಕೊಂಡು ದಿನಗಟ್ಟಲೆ ಭಿಕ್ಷೆಗೇ ಹೋಗುತ್ತಿರಲಿಲ್ಲ. ಕಾಡುದಾರಿಗೆ ಮಾತ್ರ ಬುತ್ತಿಗೆ ಅನುಮತಿ, ಅದೂ ಅಗತ್ಯದ ಅಳತೆಯಲ್ಲಿ.

ಇದು ನನಗೆ ಕಂಠಪಾಠವಿತ್ತು. ಆರು ಕಿತ್ತಳೆಯೂ ಬೆನ್ನ ಮೇಲಿದ್ದವು.

ಐದನೆಯ ದಿನ, ಮಾರ್ಚ್ 1ರ ಶುಕ್ರವಾರ, ಚನ್ನರಾಯಪಟ್ಟಣದಲ್ಲಿ ಅರ್ಧ ದಿನ ನಿಲ್ಲುವುದೆಂದು ಮೊದಲೇ ಯೋಚಿಸಿದ್ದೆವು. ಬಟ್ಟೆ ಒಗೆದು ಒಣಗಿಸಬೇಕಿತ್ತು, ಮುಂದಿನ ದಾರಿಗೆ ಬೇಕಾದ್ದು ಕೊಳ್ಳಬೇಕಿತ್ತು. ಬೆಳಗ್ಗೆ ಅಂಚೆ ಕಚೇರಿಗೆ ಹೋಗಿ ಬೇಡದ್ದನ್ನೆಲ್ಲ ಪಾರ್ಸಲ್ ಮಾಡಿ ಮನೆಗೆ ಕಳಿಸಿದೆ: ಎರಡು ಜೊತೆ ಬಟ್ಟೆ, ದಪ್ಪ ಬೆಡ್‌ಶೀಟು, ದಾರಿಯಲ್ಲಿ ಓದುತ್ತೇನೆಂದು ತಂದಿದ್ದ ಒಂದು ದಪ್ಪ ಪುಸ್ತಕ. (ಐದು ದಿನದಲ್ಲಿ ನಾಲ್ಕು ಪುಟ ಓದಿದ್ದೆ.) ಭಿಕ್ಷುವಿನ ಅಷ್ಟ ಪರಿಷ್ಕಾರಗಳಲ್ಲಿ ಮೂರು ಚೀವರ, ಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟಪಟ್ಟಿ, ನೀರು ಸೋಸುವ ಬಟ್ಟೆ, ಇಷ್ಟೇ ಇರುವುದು. ನನ್ನಲ್ಲಿ ಎಂಟಕ್ಕೆ ಇಳಿಯಲಿಲ್ಲವಾದರೂ ಒಂಬತ್ತೂವರೆ ಕೆಜಿಯ ಗಂಟು ಆರಕ್ಕೆ ಇಳಿಯಿತು. ಅರ್ಧ ಕೆಜಿ ಅವಲಕ್ಕಿ, ಹುರಿಗಡಲೆ, ಆರು ಓಆರ್‌ಎಸ್ ಪೊಟ್ಟಣ, ಎರಡು ಜೊತೆ ಹತ್ತಿ ಕಾಲುಚೀಲ ಕೊಂಡೆ. ಕಾಲುಚೀಲ ಎರಡೂ ಜೊತೆ ನನಗೇ. ತಮ್ಮನಿಗೆ ಬೇಕಿರಲಿಲ್ಲ. ಅವನು ಬರಿಗಾಲಲ್ಲಿ ನಡೆಯುತ್ತಿದ್ದ.

ಈ ಬರಿಗಾಲಿನ ಬಗ್ಗೆ ಹೇಳಲೇಬೇಕು. ನಾನು ಶೂ ಹಾಕಿಕೊಂಡೇ ಮೂರನೇ ದಿನಕ್ಕೆ ಎರಡು ಬೊಬ್ಬೆ ಎಬ್ಬಿಸಿಕೊಂಡು ಕುಂಟುತ್ತಿದ್ದೆ. ತಮ್ಮ ಮಾತ್ರ ಒಂಬತ್ತು ಗಂಟೆಯ ಕಾದ ಟಾರಿನ ಮೇಲೆ ತಂಪು ಮರಳಿನ ಮೇಲೆ ನಡೆದಂತೆ ನಡೆಯುತ್ತಿದ್ದ. ಮುಖದಲ್ಲಿ ಒಂದು ಗೆರೆ ಬದಲಾಗುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರು, "ನಿಮಗೆ ಬಿಸಿಯೇ ತಾಗಲ್ವಲ್ಲ ಸ್ವಾಮಿ, ಮಂಜುನಾಥ ಹೊತ್ಕೊಂಡು ಹೋಗ್ತಿದಾನೆ" ಎಂದು ಕೈ ಮುಗಿಯುತ್ತಿದ್ದರು. ಅವರಾದರೂ ಹೊರಗಿನವರು. ನಾನು ಯಡಿಯೂರಿನಲ್ಲಿ ದಾಸೋಹದ ಊಟ ಮಾಡಿ ಮಲಗುವ ಮುನ್ನ ನೋಟ್‌ಬುಕ್ಕಿನಲ್ಲಿ ಬರೆದ ಸಾಲು ಇದು: "ಉಪೇಕ್ಷೆ ಅಂದರೆ ಏನೆಂದು ತಮ್ಮನ ನಡಿಗೆ ನೋಡಿ ಕಲಿಯಬೇಕು." ಆ ಸಾಲನ್ನು ನಾನು ಹೊಡೆದುಹಾಕಿಲ್ಲ. ಹಾಗೇ ಇದೆ.

ತಮ್ಮನಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ.

ಅಂಚೆ ಕಚೇರಿಯಿಂದ ಬಂದು ಊರಾಚೆಯ ಆ ತೆಂಗಿನ ತೋಟದ ಶಾಮಿಯಾನಕ್ಕೆ ಸೇರಿದಾಗ ಹನ್ನೊಂದು ಗಂಟೆ. ಒಂದು ಕಡೆ ಅಡುಗೆ, ಒಂದು ಕಡೆ ಚಾಪೆಗಳು, ಮೂಲೆಯಲ್ಲಿ ಒಂದು ಮೇಜು. ಮೇಜಿನ ಹಿಂದೆ ನಿವೃತ್ತ ನರ್ಸ್ ಒಬ್ಬರು ಕೂತಿದ್ದರು. ಅರವತ್ತು ದಾಟಿದವರು, ಮಾತು ಕಡಿಮೆ. ನಾನು ನನ್ನ ಬೊಬ್ಬೆ ತೋರಿಸಲು ಹೋದೆ. ಅವರು ಅದಕ್ಕೆ ಪಟ್ಟಿ ಹಾಕುತ್ತಲೇ ನನ್ನ ಹೆಗಲಾಚೆ ತಮ್ಮನ ಕಡೆ ನೋಡಿ, "ಅವರಿಗೆ ಶುಗರ್ ಇದೆಯಾ?" ಎಂದು ಕೇಳಿದರು. ಅವರು ನೋಡಿದ್ದು ಮುಖವನ್ನಲ್ಲ, ನೆಲವನ್ನು. ಅವನು ನಡೆದು ಬಂದ ಕಡೆ ಸಿಮೆಂಟಿನ ಮೇಲೆ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ಒದ್ದೆಯ ಗುರುತಿತ್ತು.

ತಮ್ಮ ನಗುತ್ತಲೇ ಬಂದು ಕೂತ. "ನನಗೇನೂ ನೋವಿಲ್ಲ ಸಿಸ್ಟರ್." ಅವರು ಅವನ ಎರಡೂ ಪಾದ ಬೇಸಿನ್ನಿನಲ್ಲಿಟ್ಟು ತೊಳೆದರು, ನೀರಿನ ಬಿಸಿಯನ್ನು ತಮ್ಮ ಮೊಣಕೈಯಿಂದ ನೋಡಿದ ಮೇಲೆ. ಆಮೇಲೆ ಹತ್ತಿಯನ್ನು ಬತ್ತಿಯಂತೆ ಹೊಸೆದು, "ಕಣ್ಣು ಮುಚ್ಕೊಳ್ಳಿ. ನಾನು ಮುಟ್ಟಿದಾಗೆಲ್ಲ ಹೂಂ ಅನ್ನಿ" ಅಂದರು. ಮೊಣಕಾಲ ಕೆಳಗೆ ಮುಟ್ಟಿದಾಗ ಹೂಂ ಅಂದ. ಹೆಬ್ಬೆರಳಿಗೆ ಮುಟ್ಟಿದರು. ಅಂಗಾಲಿನ ನಡುವೆ ಮುಟ್ಟಿದರು. ಹಿಮ್ಮಡಿಗೆ ಮುಟ್ಟಿದರು. ಅವನು ಕಣ್ಣು ಮುಚ್ಚಿಕೊಂಡೇ, "ಶುರು ಮಾಡಿ ಸಿಸ್ಟರ್" ಅಂದ.

ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಜಲ್ಲಿಯ ಚೂರು ಹೊಕ್ಕು ಕೂತಿತ್ತು. ಸುತ್ತ ಬೊಬ್ಬೆ ಒಡೆದು ಬಿಳಿಚಿಕೊಂಡಿತ್ತು. ಎಷ್ಟು ದಿನದಿಂದ ಇತ್ತೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾಲ್ಕು ರಾತ್ರಿ ಒಂದೇ ಕಡೆ ಮಲಗಿದ್ದೆವು. ಒಂದು ಸಲವೂ ನಾನು, ಕಾಲು ತೋರಿಸು ಎಂದು ಕೇಳಿರಲಿಲ್ಲ. ಅವನ ಶಾಂತಿಯನ್ನು ಮೆಚ್ಚಿಕೊಳ್ಳುವುದರಲ್ಲಿದ್ದೆ.

ಸಕ್ಕರೆ ಬಹಳ ವರ್ಷ ಹಿಡಿತ ತಪ್ಪಿದರೆ ನರಗಳು ಸೊರಗುತ್ತವೆ. ಉದ್ದನೆಯ ನರಗಳಿಗೆ ಮೊದಲ ಪೆಟ್ಟು, ಆದ್ದರಿಂದ ಪಾದ ಮೊದಲು ಮರಗಟ್ಟುತ್ತದೆ. ಬಿಸಿ ಗೊತ್ತಾಗುವುದಿಲ್ಲ, ಚರ್ಮ ಮಾತ್ರ ಸುಡುತ್ತದೆ. ಜೊತೆಗೆ ರಕ್ತದ ಹರಿವೂ ಕುಗ್ಗಿದ್ದರೆ ಗಾಯ ಬೇಗ ಮಾಯುವುದಿಲ್ಲ, ಕೀವು ಮೂಳೆಗೆ ಇಳಿಯಬಹುದು, ಬೆರಳು ತೆಗೆಯುವವರೆಗೂ ಹೋಗಬಹುದು. ಇದನ್ನೆಲ್ಲ ಅವರು ಎರಡು ನಿಮಿಷದಲ್ಲಿ ಹೇಳಿದರು. ವೈದ್ಯರ ಹತ್ತಿರ ಇದಕ್ಕೆಂದೇ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಇರುತ್ತದಂತೆ; ತಮ್ಮಲ್ಲಿ ಹತ್ತಿ ಬತ್ತಿಯೇ ಗತಿ ಎಂದರು. ಸಕ್ಕರೆ ನೋಡಿದಾಗ 318 ಇತ್ತು. ದಾರಿಯುದ್ದಕ್ಕೂ ಜನ ಪ್ರೀತಿಯಿಂದ ಕೊಟ್ಟ ಪಾನಕವನ್ನು ಅವನು ಒಂದು ಕಡೆಯೂ ಬೇಡ ಅಂದಿರಲಿಲ್ಲ. ಬೆಲ್ಲ ಬೇಕಾದವನು ಬೆಲ್ಲ ಎಂಬ ಮೆಂಡಕನ ಪ್ರಸಂಗದ ಇನ್ನೊಂದು ಮಗ್ಗುಲು ನನಗೆ ಆಗ ಕಂಡಿತು.

ಈಗ ಸೋಣನ ವಿಷಯಕ್ಕೆ ಬರುತ್ತೇನೆ. ಚಂಪಾ ನಗರದ ಶ್ರೀಮಂತನ ಮಗ ಸೋಣ ಕೋಳಿವಿಸ. ಅಂಗಾಲಲ್ಲಿ ಕೂದಲು ಬೆಳೆಯುವಷ್ಟು ಸುಕುಮಾರ. ಆ ಪಾದ ನೋಡಬೇಕೆಂದೇ ಬಿಂಬಿಸಾರ ಮಹಾರಾಜ ಅವನನ್ನು ಕರೆಸಿಕೊಂಡಿದ್ದ. ಅವನು ಭಿಕ್ಷುವಾಗಿ ರಾಜಗೃಹದ ಸೀತವನದಲ್ಲಿ ಎಷ್ಟು ಹಟದಿಂದ ಚಂಕ್ರಮಣ ಮಾಡಿದನೆಂದರೆ ಪಾದ ಒಡೆದು, ನಡೆಯುವ ಹಾದಿ ದನ ಕಡಿಯುವ ಜಾಗದಂತೆ ರಕ್ತವಾಯಿತು. ಬುದ್ಧರು ವಸತಿಗಳನ್ನು ನೋಡಿಕೊಂಡು ಬರುವಾಗ ಕಂಡದ್ದು ಆ ಹಾದಿಯನ್ನು. ಇದು ಯಾರ ಚಂಕ್ರಮಣದ ಜಾಗ ಎಂದು ಕೇಳಿದರು. ಆಮೇಲಿನದ್ದು ನಿಮಗೆಲ್ಲ ಗೊತ್ತಿರುವ ವೀಣೆ: ತಂತಿ ಅತಿ ಬಿಗಿಯಾದರೂ ನುಡಿಯದು, ಅತಿ ಸಡಿಲವಾದರೂ ನುಡಿಯದು. ಸೋಣ ಹದ ಹಿಡಿದ, ಅರಹಂತನಾದ.

ನಾವು ಪಾಠ ನಿಲ್ಲಿಸುವುದು ಇಲ್ಲಿ. ಮಹಾವಗ್ಗದ ಐದನೆಯ ಖಂಧಕ ಇಲ್ಲಿ ನಿಲ್ಲುವುದಿಲ್ಲ. ಅರಹಂತನಾದ ಮೇಲೆ ಬುದ್ಧರು ಅವನನ್ನು ಕರೆದು, ನೀನು ಸುಕುಮಾರವಾಗಿ ಬೆಳೆದವನು, ನಿನಗೆ ಒಂದು ಪದರದ ಚಪ್ಪಲಿಗೆ ಅನುಮತಿ ಇದೆ ಎನ್ನುತ್ತಾರೆ. ಸೋಣ ಒಪ್ಪುವುದಿಲ್ಲ. ಎಂಬತ್ತು ಗಾಡಿ ಚಿನ್ನ ಬಿಟ್ಟು ಬಂದವನು ಈಗ ಒಂದು ಜೊತೆ ಚಪ್ಪಲಿಗೆ ಅಂಟಿಕೊಂಡ ಎಂದು ಜನ ಆಡಿಕೊಳ್ಳುತ್ತಾರೆ. ಸಂಘಕ್ಕೆಲ್ಲ ಅನುಮತಿ ಕೊಟ್ಟರೆ ನಾನೂ ಹಾಕಿಕೊಳ್ಳುತ್ತೇನೆ ಎನ್ನುತ್ತಾನೆ. ಬುದ್ಧರು ಇಡೀ ಸಂಘಕ್ಕೆ ಚಪ್ಪಲಿಯ ಅನುಮತಿ ಕೊಟ್ಟದ್ದು ಹೀಗೆ.

ವೀಣೆಯ ಕತೆ ಎಲ್ಲರೂ ಹೇಳುತ್ತಾರೆ, ಚಪ್ಪಲಿಯ ಕತೆ ಯಾರೂ ಹೇಳುವುದಿಲ್ಲ. ವೀಣೆ ಚೆನ್ನಾಗಿ ಕೇಳಿಸುತ್ತದೆ, ಅದಕ್ಕೇ ಇರಬೇಕು. ನನಗೆ ಮುಖ್ಯವಾಗಿ ಕಾಣುವುದು ಕ್ರಮ. ಚಪ್ಪಲಿ ಬಂದದ್ದು ಬಿಡುಗಡೆಯಾದ ನಂತರ. ಅರಹಂತನಾದ ಮೇಲೂ ಪಾದ ಪಾದವೇ, ನೆಲ ನೆಲವೇ. ಹಾಗೆಯೇ ಮಜ್ಝಿಮನಿಕಾಯದ ಸೇಖ ಸುತ್ತದಲ್ಲಿ, ಕಪಿಲವಸ್ತುವಿನ ಶಾಕ್ಯರು ಹೊಸದಾಗಿ ಕಟ್ಟಿದ ಸಭಾಭವನದಲ್ಲಿ ರಾತ್ರಿ ಬಹಳ ಹೊತ್ತು ಮಾತಾಡಿದ ಬುದ್ಧರು, ಬೆನ್ನು ನೋಯುತ್ತಿದೆ, ಸ್ವಲ್ಪ ಚಾಚುತ್ತೇನೆ, ಮುಂದಿನದನ್ನು ನೀನು ಹೇಳು ಎಂದು ಆನಂದರಿಗೆ ಒಪ್ಪಿಸಿ ಮಲಗುತ್ತಾರೆ. ಅಷ್ಟು ಜನರ ಎದುರಿಗೆ. ನೋಯುತ್ತಿದೆ ಎಂದು ಅವರಿಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಹೇಳಲು ನಾಚಿಕೆ ಇರಲಿಲ್ಲ.

ಬುದ್ಧಘೋಷರು ವಿಸುದ್ಧಿಮಗ್ಗದಲ್ಲಿ ಉಪೇಕ್ಷೆಗೆ ಇಬ್ಬರು ಶತ್ರುಗಳನ್ನು ಹೇಳುತ್ತಾರೆ. ದೂರದ ಶತ್ರು ರಾಗ ದ್ವೇಷ. ಅದನ್ನು ಗುರುತಿಸುವುದು ಸುಲಭ. ಹತ್ತಿರದ ಶತ್ರು 'ಅಞ್ಞಾಣುಪೇಕ್ಖಾ', ತಿಳಿಯದೆ ಇರುವುದರಿಂದ ಬಂದ ಉಪೇಕ್ಷೆ. ಅದು ನೋಡಲು ಉಪೇಕ್ಷೆಯಂತೆಯೇ ಇರುತ್ತದೆ, ಆದ್ದರಿಂದಲೇ ಹತ್ತಿರದ್ದು. ಯಡಿಯೂರಿನಲ್ಲಿ ನಾನು ಮೆಚ್ಚಿ ಬರೆದುಕೊಂಡದ್ದು ಇದನ್ನು. ತಮ್ಮನದು ನರದ ಮರಗಟ್ಟುವಿಕೆ, ಅವನ ತಪ್ಪಲ್ಲ. ನನ್ನದು ಬೇರೆ ಥರದ್ದು. ಮನೆಯಲ್ಲಿ, ಶಾಲೆಯಲ್ಲಿ ನಾನು 'ಈಗೆಲ್ಲ ನನಗೆ ಏನೂ ಅನ್ನಿಸುವುದಿಲ್ಲ' ಎಂದು ಹೆಮ್ಮೆಯಿಂದ ಹೇಳಿಕೊಂಡ ಎಷ್ಟು ಸಂಗತಿಗಳಿವೆ ಎಂದು ಆ ಚಾಪೆಯ ಮೇಲೆ ಕೂತು ಎಣಿಸಿದೆ. ಕೆಲವಕ್ಕೆ ನಿಜವಾಗಿ ಶಾಂತಿ ಇತ್ತು. ಕೆಲವಕ್ಕೆ ಒಳಗೆ ಜಲ್ಲಿ ಇತ್ತು. ಅಮ್ಮನ ಕೊನೆಯ ಆರು ತಿಂಗಳು ಅದರಲ್ಲೊಂದು. ಅದನ್ನು ಇಲ್ಲಿ ಬರೆಯುವುದಿಲ್ಲ.

ತಮ್ಮನಿಗೆ ಸೋಣನ ಕತೆ ಪೂರ್ತಿ ಹೇಳಿದೆ. ಅವನು ಕೇಳಿ, "ನಿಮ್ಮ ಬುದ್ಧ ಚಪ್ಪಲಿ ಕೊಟ್ಟ, ಸರಿ. ಹರಕೆ ಹೊತ್ತಿದ್ದು ಅವನಿಗಲ್ವಲ್ಲ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಇನ್ನು ಅರ್ಧ ದಾರಿ ಅಕ್ಕ. ನೇತ್ರಾವತಿಯಲ್ಲಿ ಕಾಲು ತೊಳ್ಕೊಂಡ್ರೆ ಮುಗೀತು" ಅಂದ. ಆಗ ಅವನ ಕಣ್ಣಲ್ಲಿ ನೀರಿತ್ತು. ಐದು ದಿನದಲ್ಲಿ ಮೊದಲ ಸಲ. ನನಗೆ ಉತ್ತರ ತೋಚಲಿಲ್ಲ. ನರ್ಸ್ ಅಮ್ಮ ಪಟ್ಟಿ ಕಟ್ಟುತ್ತಾ ತಲೆ ಎತ್ತದೆ ಹೇಳಿದರು: "ಈ ಕಾಲನ್ನ ನೇತ್ರಾವತಿಗೆ ಇಳಿಸಿದ್ರೆ ನದಿಗೂ ಒಳ್ಳೇದಲ್ಲ, ಕಾಲಿಗೂ ಒಳ್ಳೇದಲ್ಲ. ನಿಮ್ಮಮ್ಮ ಹರಕೆ ಹೊತ್ತಿದ್ದು ನೀವು ಚೆನ್ನಾಗಿರ್ಲಿ ಅಂತ ತಾನೇ?"

ಅವನು ಬಹಳ ಹೊತ್ತು ಮಲಗಿದ. ನಿದ್ದೆ ಮಾಡಿದನೋ ಇಲ್ಲವೋ ತಿಳಿಯದು. ಸಂಜೆ ನಾಲ್ಕಕ್ಕೆ ಉಳಿದ ನಡಿಗೆಯವರು ಗಂಟು ಕಟ್ಟಿ ಹೊರಡುವಾಗ ಎದ್ದು ಕೂತು ಒಬ್ಬೊಬ್ಬರನ್ನೇ ನೋಡಿದ. ಹಾಸನದ ಕಡೆ ಹೊರಟಿದ್ದ ತಂಡದ ಹುಡುಗನೊಬ್ಬನ ಕೈಗೆ ಅಮ್ಮ ಮುಡಿಪು ಕಟ್ಟಿಟ್ಟಿದ್ದ ಹಳದಿ ಬಟ್ಟೆಯ ಗಂಟನ್ನು ಕೊಟ್ಟು, ಹುಂಡಿಗೆ ಹಾಕುವಂತೆ ಹೇಳಿದ. ಹೆಸರು ಕೇಳಲಿಲ್ಲ. ನನ್ನ ಅವಲಕ್ಕಿ, ಹುರಿಗಡಲೆ, ಓಆರ್‌ಎಸ್ ಕೂಡ ಅದೇ ಹುಡುಗನ ಬ್ಯಾಗಿಗೆ ಹೋಯಿತು. ಅಂದು ಬೆಳಗ್ಗೆ ಅಷ್ಟು ಲೆಕ್ಕ ಹಾಕಿ ಕೊಂಡಿದ್ದೆ.

ನಾವು ಊರಿನ ಆಸ್ಪತ್ರೆಯಲ್ಲಿ ಗಾಯ ತೊಳೆಸಿಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದೆವು. ಐದು ದಿನ ನಡೆದ ದಾರಿ ನಾಲ್ಕು ಗಂಟೆಯೊಳಗೆ ಕಿಟಕಿಯಾಚೆ ಹಿಂದಕ್ಕೆ ಓಡಿತು. ಗಾಯ ಮಾಯಲು ಏಳು ವಾರ ಹಿಡಿಯಿತು. ಬೆರಳು ಉಳಿಯಿತು. ನಾನು ಉಳಿದ ದಾರಿಯನ್ನು ಇನ್ನೂ ನಡೆದಿಲ್ಲ.

ಮರುವರ್ಷ, 2025ರ ಶಿವರಾತ್ರಿಗೆ ಹತ್ತು ದಿನ ಮುಂಚೆ, ತಮ್ಮ ತಾವರೆಕೆರೆಯ ಹತ್ತಿರ ರಸ್ತೆ ಬದಿ ಒಂದು ಮೇಜು ಹಾಕಿದ. ಬೇಸಿನ್, ಸೋಪು, ಶುಭ್ರ ಟವೆಲ್ಲು, ಹತ್ತಿ, ಒಂದು ಕೈಗನ್ನಡಿ, ಒಂದು ಕೊಳಗ ಉಪ್ಪು ಮಜ್ಜಿಗೆ. ಪಾನಕ ಇಡಲಿಲ್ಲ. ಗಾಯ ಕಂಡರೆ ತಾನು ಮುಟ್ಟುವುದಿಲ್ಲ, ಆಸ್ಪತ್ರೆಗೆ ಆಟೋ ಹತ್ತಿಸುತ್ತಾನೆ. ಬಂದವರಿಗೆ ಮೊದಲು ಮಜ್ಜಿಗೆ, ಆಮೇಲೆ ಅಂಗಾಲಿಗೆ ಕನ್ನಡಿ. ಹೆಚ್ಚಿನವರಿಗೆ ಧೂಳು ಬಿಟ್ಟರೆ ಏನೂ ಇರುವುದಿಲ್ಲ, ನಕ್ಕು ಹೊರಟುಹೋಗುತ್ತಾರೆ. ಬರಿಗಾಲಲ್ಲಿ ಬರುವವರಿಗೆ ಅವನು ಚಪ್ಪಲಿ ಹಾಕಿಕೊಳ್ಳಿ ಎಂದು ಹೇಳುವುದಿಲ್ಲ. ತನ್ನ ಕಾಲಿನ ಗಾಯದ ಕಲೆ ತೋರಿಸುತ್ತಾನೆ, ಅವನ ಕಾಲಲ್ಲಿ ಚಪ್ಪಲಿ ಇರುತ್ತದೆ.

ಈ ಭಾನುವಾರ ಮಹಾವಗ್ಗದ ಐದನೆಯ ಖಂಧಕವನ್ನು ಚಪ್ಪಲಿಯ ಭಾಗದಿಂದಲೇ ಶುರು ಮಾಡೋಣ. ನಮ್ಮ ಬಳಗದಲ್ಲಿ ಸಕ್ಕರೆ ಕಾಯಿಲೆ ಇರುವವರು ಐದಾರು ಮಂದಿ ಇದ್ದೀರಿ. ಬರುವ ಮುನ್ನ ಮನೆಯಲ್ಲಿ ಕನ್ನಡಿ ಹಿಡಿದು, ಇಲ್ಲವೇ ಮನೆಯವರಿಂದ, ಎರಡೂ ಅಂಗಾಲು ಒಮ್ಮೆ ನೋಡಿಸಿಕೊಂಡು ಬನ್ನಿ.